ಬಿಚ್ಚಿಸಿದ ಬುತ್ತಿ

ಅಕ್ಕ ಕಟ್ಟಿಟ್ಟಿದ್ದ ಬುತ್ತಿಯನ್ನು ಬಿಚ್ಚಿಸಿದವಳು ನಾನು. ಹಾಗೆಂದರೆ ಕೇಳಿದವರು ಒಪ್ಪುವುದಿಲ್ಲ. ವಿಮಾನ ತಡವಾದದ್ದು ನಿಮ್ಮ ತಪ್ಪೇ ಎನ್ನುತ್ತಾರೆ. ಅಲ್ಲ ಎಂದು ನಾನೂ ತಲೆಯಾಡಿಸುತ್ತೇನೆ. ಆದರೆ ಚಿಂಚೋಳಿಯ ಕಾಲೇಜಿನಲ್ಲಿ ಮಧ್ಯಾಹ್ನದ ಗಂಟೆ ಹೊಡೆದು, ಸ್ಟಾಫ್ ರೂಮಿನಲ್ಲಿ ಎಲ್ಲರೂ ಡಬ್ಬಿ ತೆಗೆಯುವ ಹೊತ್ತಿಗೆ ನನ್ನ ಕೈ ನಿಂತುಬಿಡುತ್ತದೆ. ಮುಚ್ಚಳಗಳ ಸಪ್ಪಳಕ್ಕೆ ಆ ದಿನ ಮತ್ತೆ ಮೊದಲಿನಿಂದ ನಡೆಯುತ್ತದೆ. ಪ್ರತಿ ಸಲವೂ ಈ ಸಲ ನಾನು ಬೇರೆ ಏನಾದರೂ ಮಾಡುತ್ತೇನೆ ಎಂದುಕೊಳ್ಳುತ್ತೇನೆ. ಮಾಡುವುದಿಲ್ಲ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಸೇಡಂ ತಾಲ್ಲೂಕಿನ ಮುಧೋಳದ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಮಗಳು ಎರಡನೆಯ ಇಯತ್ತೆಯಲ್ಲಿದ್ದಾಗ ಗಂಡ ತೀರಿಕೊಂಡ. ಅದೇ ಮಗಳು ಓದಿ, ಪರೀಕ್ಷೆ ಪಾಸಾಗಿ, ಕೇಂದ್ರದ ಪೊಲೀಸ್ ಪಡೆಯೊಂದರಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಆಯ್ಕೆಯಾದಳು. ತರಬೇತಿ ಮುಗಿಯುವ ದಿನ ಬೆಳಗಿನ ಪರೇಡಿನ ನಂತರ ತಂದೆ ತಾಯಂದಿರನ್ನೇ ಮೈದಾನಕ್ಕೆ ಕರೆದು, ಮಕ್ಕಳ ಭುಜದ ಮೇಲೆ ಅವರ ಕೈಯಿಂದಲೇ ನಕ್ಷತ್ರ ಹಚ್ಚಿಸುತ್ತಾರಂತೆ. ತರಬೇತಿ ಕೇಂದ್ರ ಇದ್ದದ್ದು ದೂರದ ಗುವಾಹಟಿಯ ಕಡೆ. ರೈಲಿನಲ್ಲಿ ಹೋಗುವಷ್ಟು ರಜೆ ಅಕ್ಕನಿಗೂ ಇರಲಿಲ್ಲ, ನನಗೂ ಇರಲಿಲ್ಲ. ಹಾಗಾಗಿ ರಾಜ್ಯದ ಗಡಿಯಾಚೆಯ ದೊಡ್ಡ ಏರ್‌ಪೋರ್ಟಿನಿಂದ, ಪರೇಡಿನ ಹಿಂದಿನ ದಿನ ಮಧ್ಯಾಹ್ನದ ವಿಮಾನಕ್ಕೆ ನಾನೇ ಎರಡು ಟಿಕೆಟ್ ಮಾಡಿಸಿದೆ.

ಹೊರಡುವ ಹಿಂದಿನ ಸಂಜೆ ನಾನು ಮುಧೋಳ ತಲುಪಿದಾಗ ಅಕ್ಕ ರೊಟ್ಟಿ ಬಡಿದು ಮುಗಿಸಿದ್ದಳು. ಬಿಳಿ ಧೋತರದ ತುಂಡಿನಲ್ಲಿ ಎಂಟು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ ಕಟ್ಟಿ ಬುದ್ಧನ ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟಿದ್ದಳು. ಮಗಳಿಗೆಂದು ಮಾಡಿದ ಶೇಂಗಾ ಹೋಳಿಗೆ ಬೇರೆ ಡಬ್ಬಿಯಲ್ಲಿತ್ತು.

"ಇದ್ಯಾಕ ಕಟ್ಟೀದಿ? ಅಲ್ಲಿ ಊಟ ಅದ," ಅಂದೆ.

"ವಿಮಾನದಾಗೇನು?"

"ವಿಮಾನಕ್ಕಿಂತ ಮೊದ್ಲ. ಲೌಂಜ್ ಅಂತ ಇರ್ತದ. ನನ್ನ ಬ್ಯಾಂಕ್ ಕಾರ್ಡ್ ತೋರಿಸಿದ್ರ ಇಬ್ಬರಿಗೂ ಒಳಗ ಬಿಡ್ತಾರ. ಅನ್ನ, ಪಲ್ಯ, ಮಜ್ಜಿಗಿ, ಎಲ್ಲಾ. ಬೇಕಾದಷ್ಟು ನೀಡಿಸ್ಕೊ."

"ಯಾರು ಉಣ್ಣಾಕ ಹಾಕೋರು?"

"ಬ್ಯಾಂಕಿನವರು ಕರದಾರ ಅಂತ ತಿಳ್ಕೊ."

ಅಕ್ಕ ನಕ್ಕಳು. "ನಿನಗ ಪಗಾರನೂ ಅವರ ಕೈಲೇ, ಊಟಾನೂ ಅವರ ಕೈಲೇ. ಚಲೋ ಬೀಗರು ಸಿಕ್ಕಾರ ನೋಡು."

ನಕ್ಕರೂ ಅವಳು ಅದನ್ನು ನಿಜವಾಗಿಯೇ ತೆಗೆದುಕೊಂಡಳು. ನಮ್ಮ ಕಡೆ ಉಣ್ಣಲು ಕರೆದವರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವುದಿಲ್ಲ. ಹೋದರೆ ಅವರ ಅಡುಗೆಯನ್ನೂ ಮಾತನ್ನೂ ನಂಬಲಿಲ್ಲ ಎಂದಾಗುತ್ತದೆ. ನಮ್ಮ ಓಣಿಯಲ್ಲಿ ಇದು ಇನ್ನೂ ಒಂದು ಗುಂಜಿ ಹೆಚ್ಚು. ಒಳಗೆ ಕರೆಯದವರ ಬಾಗಿಲ ಮುಂದೆ ನಿಂತ ಹಿರಿಯರ ನೆನಪು ಇರುವ ಓಣಿ ಅದು. ಹಾಗಾಗಿ ಕರೆ ಬಂದರೆ ಕರೆದವರ ಮರ್ಯಾದೆಯನ್ನು ನಮ್ಮವರು ತಮ್ಮ ಮರ್ಯಾದೆಗಿಂತ ಹೆಚ್ಚು ಕಾಯುತ್ತಾರೆ. ಅಕ್ಕ ಗಂಟು ಬಿಚ್ಚಿದಳು. ರೊಟ್ಟಿಗಳನ್ನು ಪಕ್ಕದ ಮನೆಗೆ ಕೊಟ್ಟು ಬಂದಳು.

ಅಕ್ಕನಿಗೆ ಶುಗರ್ ಇದೆ. ದಿನಕ್ಕೆ ಮೂರು ಸಲ, ಊಟಕ್ಕೆ ಅರ್ಧ ತಾಸು ಮೊದಲು ಇನ್ಸುಲಿನ್ ಚುಚ್ಚಿಕೊಳ್ಳುತ್ತಾಳೆ. ಶಾಲೆಯ ಅಡುಗೆ ಮನೆಯಲ್ಲಿ ಇದು ಗಡಿಯಾರದಂತೆ ನಡೆಯುತ್ತಿತ್ತು. ಮಕ್ಕಳ ಸಾಲು ಅರ್ಧಕ್ಕೆ ಬಂದಾಗ ಸೂಜಿ, ಕೊನೆಯ ತಟ್ಟೆ ತೊಳೆಯಲು ಹೋದಾಗ ಅವಳ ಊಟ. ಸೂಜಿ ಚುಚ್ಚಿದ ಮೇಲೆ ಉಣ್ಣದೆ ಇರಬಾರದು, ಸಕ್ಕರೆ ಕುಸಿದು ಮೈ ಬೆವರುತ್ತದೆ, ಎಚ್ಚರ ತಪ್ಪುತ್ತದೆ ಎಂದು ಸೇಡಂನ ಡಾಕ್ಟರು ಹತ್ತು ಸಲ ಹೇಳಿದ್ದರು. ನನಗೂ ಹೇಳಿದ್ದರು.

ಮರುದಿನ ಬೆಳಿಗ್ಗೆ ಸೇಡಂ ಸ್ಟೇಷನ್ನಿನ ಹೊರಗೆ ಮಂಡಕ್ಕಿಯ ಸುಸಲಾ ತಿಂದು, ವಾಡಿ ಕಡೆಯಿಂದ ಬಂದ ರೈಲು ಹತ್ತಿದೆವು. ಅಕ್ಕ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ದಾರಿಯುದ್ದಕ್ಕೂ ಬೆರಳಿನಿಂದ ನನ್ನ ಭುಜದ ಮೇಲೆ ನಕ್ಷತ್ರ ಹಚ್ಚುವ ಅಭ್ಯಾಸ ಮಾಡಿದಳು.

"ಪಿನ್ನು ಚುಚ್ಚಿದ್ರ ಹುಡುಗಿ ಚೀರ್ತಾಳ," ಅಂದೆ.

"ಸಾಹೇಬರ ಮುಂದ ಹೆಂಗ ಚೀರ್ತಾಳ? ಸುಮ್ಕ ನಿಂದ್ರಬೇಕು ಅಕಿ. ಸಣ್ಣಾಕಿದ್ದಾಗ ತಲಿ ಬಾಚಿಸ್ಕೊಳ್ಳಾಕ ಎಷ್ಟು ಕಾಡ್ಯಾಳ. ಈಗ ಸಿಕ್ಕಾಳ ಕೈಗಿ."

ವಿಮಾನ ಕಂಪನಿಯ ಕೌಂಟರಿನಲ್ಲಿ ನಮ್ಮ ಕೈಚೀಲ ತೂಕ ಜಾಸ್ತಿ ಎಂದು ಅದನ್ನೂ ದೊಡ್ಡ ಲಗೇಜಿನ ಜೊತೆ ಒಳಗೆ ಹಾಕಿಸಿದರು. ಹೋಳಿಗೆಯ ಡಬ್ಬಿ ಅದರಲ್ಲಿತ್ತು. ಎರಡು ತೆಗೆದಿಟ್ಟುಕೊಳ್ಳೋಣವೇ ಎಂದು ಕೇಳಿದೆ. ಮಗಳಿಗೆ ಕಟ್ಟಿದ್ದನ್ನು ಮುರಿಯುವುದು ಬೇಡ ಎಂದಳು ಅಕ್ಕ. ಇನ್ಸುಲಿನ್ ಮಾತ್ರ ನನ್ನ ಪರ್ಸಿನಲ್ಲಿತ್ತು. ತಪಾಸಣೆ ಮುಗಿಸಿ ಲೌಂಜಿನ ಬಾಗಿಲಿಗೆ ಬಂದಾಗ ಹನ್ನೆರಡೂವರೆ ದಾಟಿತ್ತು. ಹೊರಗೆ ಇಪ್ಪತ್ತು ಜನರ ಸಾಲು. ಗಾಜಿನಾಚೆ ಜನ ತಟ್ಟೆ ಹಿಡಿದು ಓಡಾಡುವುದು ಕಾಣುತ್ತಿತ್ತು. ಒಗ್ಗರಣೆಯ ವಾಸನೆ ಹೊರಗಿನ ತನಕ ಬರುತ್ತಿತ್ತು.

"ಈಗ ತಗೊಂಡುಬಿಡು," ಅಂದೆ ನಾನು. "ನಮ್ಮ ಪಾಳಿ ಬರೂದ್ರಾಗ ಅರ್ಧ ತಾಸು ಆಗ್ತದ."

ಅಕ್ಕ ಗೋಡೆಯ ಕಡೆ ತಿರುಗಿ, ಸೆರಗು ಅಡ್ಡ ಹಿಡಿದು ಚುಚ್ಚಿಕೊಂಡಳು. ನಾನು ಸೂಜಿಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ. ಆ ಮುಚ್ಚಳದ ಸಪ್ಪಳವೂ ನನಗೆ ನೆನಪಿದೆ.

ನಮ್ಮ ಪಾಳಿ ಬಂತು. ಕಪ್ಪು ಕೋಟಿನ ಹುಡುಗಿ ಕಾರ್ಡನ್ನು ಯಂತ್ರಕ್ಕೆ ಹಾಕಿದಳು. ಮತ್ತೊಮ್ಮೆ ಹಾಕಿದಳು. ಆಮೇಲೆ ಇಂಗ್ಲಿಷಿನಲ್ಲಿ, ತುಂಬ ಮೆತ್ತಗೆ, ಈ ಕಾರ್ಡಿಗೆ ಈಗ ಪ್ರವೇಶ ಇಲ್ಲ ಎಂದಳು. ಹಿಂದಿನ ಮೂರು ತಿಂಗಳಲ್ಲಿ ಕಾರ್ಡಿನಿಂದ ಇಂತಿಷ್ಟು ಖರೀದಿ ಮಾಡಿದವರಿಗೆ ಮಾತ್ರ ಎಂದು ನಿಯಮ ಬದಲಾಗಿದೆಯಂತೆ. ಮೆಸೇಜು ಬಂದಿರಬೇಕಲ್ಲ ಮೇಡಂ ಎಂದಳು. ಚಿಂಚೋಳಿಯಲ್ಲಿ ಕಾರ್ಡಿನಿಂದ ನಾನು ಏನು ಖರೀದಿ ಮಾಡಲಿ. ದುಡ್ಡು ಕೊಡುತ್ತೇನೆ, ಇವರಿಗೆ ಶುಗರ್ ಇದೆ, ಇವರೊಬ್ಬರಿಗಾದರೂ ಊಟ ಕೊಡಿ ಎಂದೆ. ಒಳಗೆ ಜಾಗ ತುಂಬಿದೆ, ಕಾರ್ಡಿನವರಿಗೆ ಮಾತ್ರ, ದಯವಿಟ್ಟು ಪಕ್ಕಕ್ಕೆ ನಿಲ್ಲಿ ಎಂದಳು. ನನ್ನ ದನಿ ಏರಿತು. ಹಿಂದಿನವರು ಉಸಿರು ಬಿಟ್ಟರು.

ಅಕ್ಕನಿಗೆ ಭಾಷೆ ತಿಳಿಯಲಿಲ್ಲ. ಬಾಗಿಲು ತಿಳಿಯಿತು. ನನ್ನ ಮೊಣಕೈ ಹಿಡಿದು ಎಳೆದಳು.

"ನಡೀ. ಕರೀಲಾರದ ಜಾಗಾದಾಗ ಯಾಕ ನಿಂತು ಒದರ್ಲಕತ್ತಿ?"

"ಕರದಾರ ಅಕ್ಕಾ. ಕರದು ಈಗ ಇಲ್ಲ ಅಂತಾರ."

"ಮತ್ತ ಭಾಳ ಕೆಟ್ಟ ಅದು. ನಡೀ ಇಲ್ಲಿಂದ."

ಅವಳ ಮುಖ ನಾನು ಮೊದಲೊಮ್ಮೆ ನೋಡಿದ್ದ ಮುಖವಾಗಿತ್ತು. ಅಡುಗೆಯವಳಾಗಿ ಸೇರಿದ ಮೊದಲ ವಾರ, ಕೆಲವು ಮನೆಗಳವರು ಮಕ್ಕಳಿಗೆ ಅವಳ ಕೈ ಅನ್ನ ಬೇಡವೆಂದು ಶಾಲೆಯ ಅಂಗಳದಿಂದಲೇ ಕರೆದುಕೊಂಡು ಹೋಗಿದ್ದರು. ಆಗಲೂ ಅವಳು ಹೀಗೇ ಸೌಟು ಕೆಳಗಿಟ್ಟು ಗೋಡೆ ನೋಡುತ್ತ ನಿಂತಿದ್ದಳು.

ಆ ಹೊತ್ತಿನಲ್ಲಿ ಯಾವುದಾದರೂ ಅಂಗಡಿಗೆ ಹೋಗಿ ಎರಡು ಇಡ್ಲಿ ತಂದಿದ್ದರೆ ಸಾಕಿತ್ತು. ಇಡ್ಲಿಯ ಅಂಗಡಿ ಅರವತ್ತು ಹೆಜ್ಜೆ ದೂರದಲ್ಲಿತ್ತು. ನಾನು ಅದರ ಕಡೆಗೇ ಹೊರಟಿದ್ದೆ. ಅಷ್ಟರಲ್ಲಿ ಫೋನು ಗುಣುಗುಟ್ಟಿತು. ನಮ್ಮ ವಿಮಾನ ಅನಿವಾರ್ಯ ಕಾರಣಗಳಿಂದ ತಡವಾಗುತ್ತಿದೆ, ಹೊಸ ಸಮಯ ತಿಳಿಸಲಾಗುವುದು ಎಂದು. ತಲೆಯೆತ್ತಿದರೆ ಗೇಟಿನ ಮುಂದಿನ ಕೌಂಟರಿಗೆ ಜನ ಓಡುತ್ತಿದ್ದರು. ರದ್ದಾಗಿದೆಯಂತೆ ಎಂದು ಯಾರೋ ಅಂದರು. ನನ್ನ ತಲೆಯಲ್ಲಿ ಬೆಳಗಿನ ಮೈದಾನವೊಂದೇ ಉಳಿಯಿತು. ಅಕ್ಕನನ್ನು ಕಂಬದ ಪಕ್ಕದ ಕುರ್ಚಿಯಲ್ಲಿ ಕೂರಿಸಿದೆ.

"ಇಲ್ಲೇ ಕುಂದ್ರು. ವಿಮಾನದ್ದು ಕೇಳಿಕೊಂಡು, ಬರೂವಾಗ ಉಣ್ಣಾಕ ತರ್ತೀನಿ. ಐದೇ ನಿಮಿಷ."

"ನನ್ನ ಚಿಂತಿ ಬಿಡು. ಹುಡುಗಿ ಕಾಯ್ತಾಳ. ಮೊದ್ಲ ಅದನ್ನ ನೋಡು."

ಕೌಂಟರಿನಲ್ಲಿ ಒಬ್ಬನೇ ಇದ್ದ. ಮುಂದೆ ಮೂವತ್ತು ಜನ. ಅವನು ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ: ಬೇರೆ ವಿಮಾನಕ್ಕೆ ಬದಲಿಸಬೇಕೆಂದರೆ ಸಹಾಯವಾಣಿಗೆ ಕರೆ ಮಾಡಿ. ನಾನು ಸಾಲಿನಲ್ಲಿ ನಿಂತೇ ಕರೆ ಮಾಡಿದೆ. ಹಿಂದಿಗೆ ಒಂದು, ಇಂಗ್ಲಿಷಿಗೆ ಎರಡು. ಕನ್ನಡಕ್ಕೆ ಯಾವ ಅಂಕಿಯೂ ಇರಲಿಲ್ಲ. ಬುಕಿಂಗ್ ಸಂಖ್ಯೆ ಒತ್ತಿದೆ. ತಪ್ಪಾಗಿದೆ ಎಂದಿತು. ಮತ್ತೆ ಒತ್ತಿದೆ. ಸಂಗೀತ ಬಂತು. ನಿಮ್ಮ ಕರೆ ನಮಗೆ ಮುಖ್ಯ ಎಂದು ಒಂದು ಹೆಣ್ಣು ದನಿ, ಮತ್ತೆ ಸಂಗೀತ. ಕರೆ ಕಡಿಯಿತು. ಮತ್ತೆ ಮೊದಲಿನಿಂದ. ನನ್ನ ಪಾಳಿ ಬಂದಾಗ ಕೌಂಟರಿನವನು ನನ್ನ ಮುಖವನ್ನೂ ನೋಡದೆ ಸಹಾಯವಾಣಿ ಎಂದ. ಸಹಾಯವಾಣಿಯಲ್ಲೇ ಇದ್ದೇನೆ ಎಂದು ಫೋನು ತೋರಿಸಿದೆ. ಹಾಗಾದರೆ ಕಾಯಿರಿ ಮೇಡಂ ಎಂದ.

ಹೀಗೆ ಮುಕ್ಕಾಲು ತಾಸು ಹೋಯಿತು. ಆಗ ನಾನು ಒಮ್ಮೆ ಅಕ್ಕನ ಹತ್ತಿರ ಬಂದೆ. ಯಾರಿಗೂ ಹೇಳದ್ದು ಇದು. ಬಂದೆ, ನೋಡಿದೆ. ಅಕ್ಕನ ಗದ್ದ ಎದೆಗೆ ತಾಗಿತ್ತು. ಕಣ್ಣು ಮುಚ್ಚಿದ್ದವು. ನಸುಕಿನಲ್ಲಿ ಎದ್ದವಳು, ನಿದ್ದೆ ಬಂದಿರಬೇಕು ಎಂದುಕೊಂಡೆ. ಮೇಲ್ದುಟಿಯ ಮೇಲೆ ಬೆವರಿನ ಹನಿಗಳಿದ್ದವು. ಕುಪ್ಪಸದ ತೋಳು ಒದ್ದೆಯಾಗಿತ್ತು. ಸೆರಗು ಹೊದ್ದುಕೊಳ್ಳುವಷ್ಟು ತಣ್ಣಗಿದ್ದ ಜಾಗದಲ್ಲಿ ಬೆವರು ಯಾಕೆ ಎಂದು ನಾನು ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳುವ ಹೊತ್ತಿಗೆ ಸರಿಯಾಗಿ ಕಿವಿಯಲ್ಲಿ ಸಂಗೀತ ನಿಂತಿತು. ನಮಸ್ಕಾರ, ನಾನು ನಿಮಗೆ ಹೇಗೆ ಸಹಾಯ ಮಾಡಲಿ ಎಂದು ಒಬ್ಬ ಜೀವಂತ ಮನುಷ್ಯ ಮಾತಾಡಿದ. ಸಿಕ್ಕನಲ್ಲ ಎಂಬ ಖುಷಿಯಲ್ಲಿ, ಮಾತು ಸರಿಯಾಗಿ ಕೇಳಿಸಲೆಂದು, ನಾನು ಅಕ್ಕನಿಗೆ ಬೆನ್ನು ಮಾಡಿ ಕಿಟಕಿಯ ಕಡೆ ನಡೆದೆ.

ಅವನು ತುಂಬ ಸೌಜನ್ಯದವನು. ಹೆಸರು, ಊರು, ಹುಟ್ಟಿದ ದಿನ ಕೇಳಿದ. ಸಂಜೆಗೆ ಇನ್ನೊಂದು ಊರಿನ ಮೇಲೆ ಹೋಗುವ ವಿಮಾನವಿದೆ, ನೋಡುತ್ತೇನೆ, ಲೈನಿನಲ್ಲಿರಿ ಎಂದ. ನಾನು ಲೈನಿನಲ್ಲಿದ್ದೆ. ಎಷ್ಟು ಹೊತ್ತು ಎಂದು ಫೋನಿನಲ್ಲಿ ಈಗಲೂ ದಾಖಲಾಗಿದೆ. ಇಪ್ಪತ್ತೆರಡು ನಿಮಿಷ.

ಹಿಂದಿನಿಂದ ಯಾರೋ ನನ್ನ ತೋಳು ಜಗ್ಗಿದರು. ಏರ್‌ಪೋರ್ಟಿನಲ್ಲಿ ನೆಲ ಒರೆಸುವ ಹೆಂಗಸು. "ಅಮ್ಮಾ, ಆಮೆ ಮೀ ಮನಿಷೇನಾ?" ಆಕೆ ನಿಮ್ಮವರೇ ಎಂದು ತೆಲುಗಿನಲ್ಲಿ ಕೇಳುತ್ತ ಕಂಬದ ಕಡೆ ಬೆರಳು ತೋರಿಸಿದಳು.

ಅಕ್ಕ ಕುರ್ಚಿಯಿಂದ ಜಾರಿ ನೆಲದ ಮೇಲಿದ್ದಳು. ಕಣ್ಣು ಅರ್ಧ ತೆರೆದಿದ್ದವು, ನನ್ನನ್ನು ನೋಡುತ್ತಿರಲಿಲ್ಲ. ಒಂದು ಕೈ ಸಣ್ಣಗೆ ಅದುರುತ್ತಿತ್ತು. ಹಲ್ಲು ಕಚ್ಚಿಕೊಂಡಿದ್ದವು. ಹೊಸ ಸೀರೆ ಒದ್ದೆಯಾಗಿತ್ತು. ಅಕ್ಕಾ ಎಂದೆ. ಅಕ್ಕಾ ಅಕ್ಕಾ ಎಂದೆ. ಫೋನು ಇನ್ನೂ ಕಿವಿಯಲ್ಲಿತ್ತು, ಅದರಿಂದ ಸಂಗೀತ ಬರುತ್ತಿತ್ತು. ಶುಗರಾ ಎಂದು ಕೇಳಿದವಳು ಆ ಹೆಂಗಸೇ. ಚಹದ ಅಂಗಡಿಗೆ ಓಡಿ, ಸಕ್ಕರೆಯ ಸಣ್ಣ ಪೊಟ್ಟಣಗಳನ್ನು ಮುಷ್ಟಿ ತುಂಬ ತಂದು, ಹಲ್ಲಿನಿಂದ ಹರಿದು, ಅಕ್ಕನನ್ನು ಒಂದು ಮಗ್ಗುಲಿಗೆ ತಿರುಗಿಸಿ, ಕೆನ್ನೆಯ ಒಳಗೆ, ವಸಡಿನ ಮೇಲೆ ಬೆರಳಿನಿಂದ ತಿಕ್ಕಿದಳು. ಕಂಪನಿಯ ನೀಲಿ ಸಮವಸ್ತ್ರದವರು ಇಬ್ಬರು ಬಂದು ಸುತ್ತ ನಿಂತ ಜನರನ್ನು ದೂರ ಸರಿಸಿದರು. ಒಬ್ಬ ಫೋಟೋ ತೆಗೆದ, ವರದಿಗೆ ಬೇಕಂತೆ. ವೈದ್ಯರ ಕೋಣೆಯಿಂದ ಗಾಲಿ ಮಂಚ ಬಂತು. ರಕ್ತದಲ್ಲಿ ಸಕ್ಕರೆ ಎಷ್ಟಿತ್ತು ಎಂದು ಡಾಕ್ಟರು ಅಲ್ಲಿದ್ದ ನರ್ಸಿಗೆ ಹೇಳಿದರು, ನನಗೆ ಹೇಳಲಿಲ್ಲ. ನರ್ಸು ನನ್ನ ಕಡೆ ನೋಡಿದ ರೀತಿಯಿಂದ ನನಗೆ ತಿಳಿಯಿತು.

ಗ್ಲೂಕೋಸ್ ಹನಿ ಹನಿಯಾಗಿ ಇಳಿಯಿತು. ಬಹಳ ಹೊತ್ತಿನ ಮೇಲೆ ಅಕ್ಕ ಕಣ್ಣು ಪೂರ್ತಿ ತೆರೆದಳು. ಬಿಳಿ ಗೋಡೆ ನೋಡಿದಳು, ನನ್ನನ್ನು ನೋಡಿದಳು.

"ಹುಡುಗರು ಉಂಡ್ರೇನು?" ಎಂದಳು.

ನಾನು ಉಂಡರು ಎಂದೆ.

ಆಮೇಲೆ ಕಂಪನಿಯ ಡ್ಯೂಟಿ ಮ್ಯಾನೇಜರು ಬಂದರು. ವಿಮಾನ ರದ್ದಾಗಿರಲಿಲ್ಲ. ಐದೂ ಮುಕ್ಕಾಲಿಗೆ ಹೊರಡುವುದಿತ್ತು. ಡಾಕ್ಟರು, ಈಗ ಪರವಾಗಿಲ್ಲ, ಊಟ ಮಾಡಿಸಿ ಕರೆದುಕೊಂಡು ಹೋಗಬಹುದು ಎಂದಿದ್ದರು. ಮ್ಯಾನೇಜರು ಒಪ್ಪಲಿಲ್ಲ. ನಿಲ್ದಾಣದಲ್ಲಿ ಪ್ರಜ್ಞೆ ತಪ್ಪಿದವರನ್ನು ಅದೇ ದಿನ ಹತ್ತಿಸುವಂತಿಲ್ಲ, ಪ್ರಯಾಣಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ ಕಂಪನಿಯ ನಮೂನೆಯಲ್ಲೇ ಇರಬೇಕು, ಅದನ್ನು ಮುಂಚೆಯೇ ಇಮೇಲಿಗೆ ಕಳಿಸಿ ಒಪ್ಪಿಗೆ ಪಡೆಯಬೇಕು. ಎಷ್ಟು ಹೊತ್ತಾಗುತ್ತದೆ ಎಂದೆ. ನಲವತ್ತೆಂಟು ತಾಸು ಎಂದರು. ನಿಮ್ಮ ತಾಯಿಯವರ ಸುರಕ್ಷತೆಯೇ ನಮಗೆ ಮುಖ್ಯ ಎಂದರು. ಅಕ್ಕ ನನಗಿಂತ ಒಂಬತ್ತೇ ವರ್ಷ ದೊಡ್ಡವಳು.

"ಏನಂತಾರ?" ಅಕ್ಕ ಕೇಳಿದಳು.

"ಇವತ್ತು ಬ್ಯಾಡ ಅಂತಾರ."

"ನಾಳಿಗಿ?"

ಎರಡು ದಿನ ಬೇಕಂತ ಎಂದೆ. ಅಕ್ಕ ತಾನೇ ಲೆಕ್ಕ ಹಾಕಿಕೊಂಡಳು. ಹಾಸಿಗೆಯ ಮೇಲೆ ಅವಳ ಹೆಬ್ಬೆರಳು ಮತ್ತು ತೋರುಬೆರಳು ಪಿನ್ನು ಹಿಡಿದಂತೆ ಒಂದಕ್ಕೊಂದು ತಾಗಿ, ಬಿಟ್ಟವು.

ಮರುದಿನ ಬೆಳಗಿನ ರೈಲಿಗೆ ಮರಳಿದೆವು. ಸೇಡಂ ಹತ್ತಿರ ಬರುವಾಗ ಫೋನಿಗೆ ಫೋಟೋ ಬಂತು. ಬಿಸಿಲಿನಲ್ಲಿ ನಮ್ಮ ಹುಡುಗಿ ನೆಟ್ಟಗೆ ನಿಂತಿದ್ದಳು. ಯಾರೋ ಒಬ್ಬ ಹೆಂಗಸು ಅವಳ ಭುಜಕ್ಕೆ ನಕ್ಷತ್ರ ಹಚ್ಚುತ್ತಿದ್ದಳು.

"ಈ ಹೆಣ್ಮಗಳು ಯಾರು?"

"ಸಾಹೇಬರ ಹೆಂಡತಿ ಅಂತ. ಮನಿ ಮಂದಿ ಬರಲಾರದವ್ರಿಗಿ ಅವರು ಹಚ್ತಾರಂತ."

ಅಕ್ಕ ಫೋನನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. "ಚಲೋ ಹಚ್ಚ್ಯಾಳ," ಎಂದಳು. "ಸೊಟ್ಟ ಆಗಿಲ್ಲ."

ನಾನು ದೂರು ಬರೆದೆ. ಕಂಪನಿಗೆ, ಬ್ಯಾಂಕಿಗೆ, ಲೌಂಜ್ ನಡೆಸುವವರಿಗೆ. ಬ್ಯಾಂಕಿನವರು ಲೌಂಜಿನವರನ್ನು ಕೇಳಿ ಎಂದರು, ಲೌಂಜಿನವರು ಬ್ಯಾಂಕನ್ನು. ಕಂಪನಿ ಪ್ರತಿ ಪತ್ರಕ್ಕೂ ಒಂದು ಹೊಸ ಸಂಖ್ಯೆ ಕೊಟ್ಟು, ವಾರದ ಮೇಲೆ ಪರಿಹರಿಸಲಾಗಿದೆ ಎಂದು ತಾನೇ ಮುಚ್ಚುತ್ತಿತ್ತು. ಮುಚ್ಚಿದ ಮೇಲೆ, ನಮ್ಮ ಸೇವೆ ಹೇಗಿತ್ತು, ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳುತ್ತಿತ್ತು. ಕೊನೆಗೆ ಒಬ್ಬ ಮನುಷ್ಯನೇ ಬರೆದಂತೆ ಕಾಣುವ ಪತ್ರ ಬಂತು. ಪ್ರಯಾಣಿಕರು ತಮ್ಮ ಕಾಯಿಲೆಯನ್ನು ಮೊದಲೇ ತಿಳಿಸಿರಲಿಲ್ಲ, ಆದರೂ ಸದ್ಭಾವನೆಯಿಂದ ಇಬ್ಬರಿಗೆ ಒಂದು ಸಲದ ಲೌಂಜ್ ಪ್ರವೇಶದ ಕೂಪನ್ ಕೊಡುತ್ತಿದ್ದೇವೆ, ತೊಂಬತ್ತು ದಿನಗಳೊಳಗೆ ಬಳಸಬೇಕು ಎಂದು.

ಚಿತ್ತಾಪುರದಲ್ಲಿ ನನ್ನ ಜೊತೆ ಓದಿದ ವಕೀಲರೊಬ್ಬರಿದ್ದಾರೆ. ಕಾಗದಗಳನ್ನೆಲ್ಲ ಒಯ್ದು ಅವರ ಮುಂದೆ ಇಟ್ಟೆ. ಒಂದೊಂದನ್ನೂ ಓದಿದರು.

"ಕೇಸ್ ಹಾಕಬಹುದ್ರಿ ಮೇಡಂ. ಆದ್ರ ಅವರ ವಕೀಲ ಮೊದ್ಲ ಒಂದು ಮಾತು ಕೇಳ್ತಾನ. ಸೂಜಿ ಹಾಕ್ಕೋ ಅಂದವರು ಯಾರು, ಆ ಒಂದೂವರೆ ತಾಸು ನೀವು ಎಲ್ಲಿದ್ರಿ ಅಂತ. ಏನು ಹೇಳ್ತೀರಿ?"

ಅವರು ಕೆಟ್ಟವರಲ್ಲ, ಕೇಳಲೇಬೇಕಾದದ್ದನ್ನು ಕೇಳಿದರು. ನಾನು ಕಾಗದಗಳನ್ನು ಒಟ್ಟು ಮಾಡಿಕೊಂಡು ಎದ್ದುಬಂದೆ. ಬಸ್ಸು ಶಹಾಬಾದ್ ಕಲ್ಲು ಹೇರಿದ ಲಾರಿಗಳ ಹಿಂದೆ ತೆವಳುತ್ತಿತ್ತು. ನಾನು ಇಪ್ಪತ್ತೆರಡು ನಿಮಿಷಗಳನ್ನು ಮತ್ತೆ ಎಣಿಸುತ್ತ ಕುಳಿತಿದ್ದೆ.

ಅಕ್ಕ ಬದುಕಿದ್ದಾಳೆ. ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಅವಳಿಗೆ ಈಗ ಸೂಜಿಯ ಹೆದರಿಕೆ. ಮಧ್ಯಾಹ್ನದ್ದನ್ನು ಬಿಟ್ಟೇಬಿಟ್ಟಿದ್ದಾಳೆ. ಉಳಿದೆರಡನ್ನೂ ತಟ್ಟೆ ಮುಂದೆ ಬಂದು, ತುತ್ತು ಬಾಯಿಗೆ ಹೋದ ಮೇಲೆ ಅರ್ಧಕ್ಕರ್ಧ ತೆಗೆದುಕೊಳ್ಳುತ್ತಾಳೆ. ಸಕ್ಕರೆ ಏರಿದೆ. ಎಡಗಾಲಿನ ಬೆರಳಿನ ಗಾಯ ಮಳೆಗಾಲದಿಂದ ಮಾಯುತ್ತಿಲ್ಲ. ಬೆರಳು ಉಳಿಯುವುದು ಕಷ್ಟ ಎಂದು ಸೇಡಂನ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಸೂಜಿ ಸರಿಯಾಗಿ ತಗೋ ಎಂದರೆ, "ಹೂಂ, ತಗೋತೀನಿ," ಎನ್ನುತ್ತಾಳೆ. ನಾನು ಹೇಳುವ ಮಾತಿಗೆ ಅವಳ ಹತ್ತಿರ ಈಗ ಬೆಲೆ ಎಷ್ಟಿದೆ ಎಂಬುದು ನನಗೆ ಗೊತ್ತು. ಅವಳು ಒಮ್ಮೆಯೂ ಬೈದಿಲ್ಲ.

ಹೋದ ಭಾನುವಾರ ಚಿಂಚೋಳಿಗೆ ಗಾಯ ತೋರಿಸಲು ಬಂದವಳನ್ನು ಪಕ್ಕದ ಚಂದಾಪುರದ ನನ್ನ ಮನೆಗೆ ಕರೆದುಕೊಂಡು ಬಂದೆ. ಹಿಂದಿನ ದಿನವೇ ಫೋನು ಮಾಡಿ, ಪುಂಡಿ ಪಲ್ಯ ಮಾಡುತ್ತೇನೆ, ಬಿಸಿ ರೊಟ್ಟಿ ಮಾಡುತ್ತೇನೆ ಎಂದು ಹೇಳಿದ್ದೆ. ಒಲೆಯ ಮೇಲೆ ಹಂಚು ಕಾದಿತ್ತು. ಹಿಟ್ಟು ನಾದಿಟ್ಟಿದ್ದೆ. ಕಲ್ಲುಹಾಸಿನ ಮೇಲೆ ಗೋಡೆಗೆ ಒರಗಿ ಕುಳಿತ ಅಕ್ಕ, ಗಾಯದ ಕಾಲನ್ನು ಮೆಲ್ಲಗೆ ಚಾಚಿಕೊಂಡಳು. ಆಮೇಲೆ ಚೀಲಕ್ಕೆ ಕೈ ಹಾಕಿ ಬಿಳಿ ಧೋತರದ ಗಂಟೊಂದನ್ನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು.

ಹುಟ್ಟಿದಾಗಿನಿಂದ ಅಕ್ಕ ನನ್ನ ಮನೆಗೆಂದಲ್ಲ, ಯಾರು ಕರೆದ ಮನೆಗೂ ಬುತ್ತಿ ಒಯ್ದವಳಲ್ಲ. ನಾನು ನೋಡಿದ್ದನ್ನು ಅವಳು ನೋಡಿದಳು.

"ಇರಲಿ ತಂಗಿ," ಎಂದಳು. "ನೀ ಮಾಡು, ನಾ ಉಣ್ತೀನಿ. ಇದು ಸುಮ್ಕ ಇರಲಿ."

ನಾನು ಒಲೆಯ ಕಡೆ ತಿರುಗಿ ರೊಟ್ಟಿ ಬಡಿಯತೊಡಗಿದೆ. ಹಿಂದೆ ಗಂಟು ಬಿಚ್ಚುವ ಸಪ್ಪಳ ಕೇಳಿಸಿತು, ಆಮೇಲೆ ಖಡಕ್ ರೊಟ್ಟಿ ಮುರಿಯುವ ಸಪ್ಪಳ.